ಇಂಗ್ಲಿಷ್‌ನ ಎಮೋಷನಲ್ ಇಂಟೆಲಿಜೆನ್ಸ್ (ಭಾವನೆಗಳನ್ನು ಅರಿಯುವ ಜಾಣ್ಮೆ) ಟೆಸ್ಟನ್ನು ರಷ್ಯನ್‌ಗೆ ಅನುವಾದಿಸಿದ್ದೇನೆ. ಅದು ಸರಿಯಾಗಿ ಅಳೆಯುತ್ತದೆಯೇ ಎಂದು ನೋಡಲು 300 ಜನರಿಗೆ ಕೊಟ್ಟರೆ ಸಾಕಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ನಾನು ಮಾಸ್ಕೋದಲ್ಲಿ ಸೈಕಾಲಜಿ ಎಂ.ಎ. ಮಾಡಿದ್ದು. ಥೀಸಿಸ್‌ಗೆ ಇದೇ ಕೆಲಸ ಹಿಡಿದು ಒಂದು ವರ್ಷ ಕಳೆದುಕೊಂಡೆ.

ನಮ್ಮದು ಒಂದು ಸನ್ನಿವೇಶ ಕೊಟ್ಟು 'ಇವರಿಗೆ ಏನನ್ನಿಸುತ್ತದೆ?' ಎಂದು ಕೇಳುವ ಟೆಸ್ಟ್. ಅನುವಾದ ತುಂಬಾ ಜೋಪಾನವಾಗಿಯೇ ಮಾಡಿದ್ದೆವು. ರಷ್ಯನ್‌ನಲ್ಲಿ 'ನಾನು ಮುನಿಸಿಕೊಂಡೆ' ಅನ್ನಲು ಗಂಡಸು 'ಅಬೀದಿಲ್ಸ್ಯ' ಅನ್ನಬೇಕು, ಹೆಂಗಸು 'ಅಬೀದಿಲಸ್' ಅನ್ನಬೇಕು. ಅಂಥದ್ದನ್ನೆಲ್ಲ ಸರಿಮಾಡಿ, ಬೇರೊಬ್ಬರಿಂದ ವಾಪಸ್ ಇಂಗ್ಲಿಷ್‌ಗೆ ತರಿಸಿ ತಾಳೆ ನೋಡಿದೆವು. ಸರಿಯಾಗಿ ಹೊಂದಿತು. ಕೀ ಆನ್ಸರ್ ಮಾತ್ರ ಮೂಲದ್ದೇ ಇಟ್ಟುಕೊಂಡೆ.

ತಪ್ಪಾಗಿದ್ದೇ ಅಲ್ಲಿ. ಗಣಿತದ ಉತ್ತರ ಎಲ್ಲ ಊರಲ್ಲೂ ಒಂದೇ. ಭಾವನೆಯ ಟೆಸ್ಟಲ್ಲಿ 'ಸರಿ ಉತ್ತರ' ಎಲ್ಲಿಂದ ಬರುತ್ತದೆ? ಮನೋವಿಜ್ಞಾನಿಗಳಾದ ಮೇಯರ್, ಸಲೋವೆ ಮತ್ತು ಕರುಸೊ ಅವರ 141 ಪ್ರಶ್ನೆಗಳ ಟೆಸ್ಟಲ್ಲಿ ಜಾಸ್ತಿ ಜನ, ಇಲ್ಲವೇ ತಜ್ಞರು ಆರಿಸಿದ್ದೇ ಸರಿ. ಮೆಕಾನ್ ಮತ್ತು ರಾಬರ್ಟ್ಸ್ 2008ರಲ್ಲಿ ತಂದ ಒಂದು ಟೆಸ್ಟಲ್ಲಿ ಕೀ ಬಂದಿದ್ದು ಯಾವ ಸನ್ನಿವೇಶದಿಂದ ಯಾವ ಭಾವನೆ ಹುಟ್ಟುತ್ತದೆ ಎಂದು ಹೇಳುವ ರೋಸ್‌ಮನ್ ಸಿದ್ಧಾಂತದಿಂದ. ಅಂದರೆ ಕೀ ಅನ್ನುವುದು ಯಾರೋ ಜನ ಯಾವುದೋ ಭಾಷೆಯಲ್ಲಿ ಒಪ್ಪಿದ, ಇಲ್ಲವೇ ಒಂದು ಸಿದ್ಧಾಂತ ಹೇಳಿದ ಮಾತು. ಅದನ್ನು ಹಾಗೇ ಎತ್ತಿ ಇನ್ನೊಂದು ಭಾಷೆಗೆ ಇಡಲು ಬರುವುದಿಲ್ಲ.

ನನ್ನ ಒಂದು ಪ್ರಶ್ನೆ ಹೀಗಿತ್ತು: ಆಪ್ತ ಗೆಳತಿ ನಿಮ್ಮ ಹುಟ್ಟುಹಬ್ಬ ಮರೆತಳು. ಆಯ್ಕೆಗಳು ಕೋಪ, ದುಃಖ, ನಿರಾಸೆ, ಅಸೂಯೆ. ಕೀ ಪ್ರಕಾರ ನಿರಾಸೆ. ಬೇರೆ ಪ್ರಶ್ನೆಗಳಲ್ಲಿ ಚೆನ್ನಾಗಿ ಮಾಡಿದವರೇ ಇದರಲ್ಲಿ ತಪ್ಪುತ್ತಿದ್ದರು. ಕಾರಣ ಹುಡುಕದೆ, ಇಂಥ 'ಕೆಟ್ಟ' ಪ್ರಶ್ನೆಗಳನ್ನು ಒಂದೊಂದಾಗಿ ಕಿತ್ತುಹಾಕಿದೆ. ಕ್ರೋನ್‌ಬಾಕ್ ಆಲ್ಫಾ, ಅಂದರೆ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಅಂಕಿ, ಏರುತ್ತಾ ಹೋಯಿತು. ಖುಷಿಪಟ್ಟೆ! ಕೊನೆಗೆ ಉಳಿದದ್ದು ಯಾರು ಬೇಕಾದರೂ ಹೇಳಬಹುದಾದ, ಒಂದೇ ಥರದ ಪ್ರಶ್ನೆಗಳು. ಹೊಸ ಗುಂಪಿಗೆ ಕೊಟ್ಟರೆ ಬಹುತೇಕ ಎಲ್ಲರಿಗೂ ಒಂದೇ ಅಂಕ.

ಆಮೇಲೆ ಹಳೆ ಹಾಳೆಗಳನ್ನು ತೆಗೆದೆ. ಒಬ್ಬ ಹೆಂಗಸು ಆ ಪ್ರಶ್ನೆಗೆ ಯಾವುದಕ್ಕೂ ಗುರುತು ಹಾಕದೆ, ಅಂಚಿನಲ್ಲಿ ಪೆನ್ಸಿಲ್‌ನಿಂದ 'ಅಬೀದಾ' ಎಂದು ಬರೆದು ಎರಡು ಗೆರೆ ಎಳೆದಿದ್ದರು. ಅದು ಕೋಪವೂ ಅಲ್ಲ, ದುಃಖವೂ ಅಲ್ಲ. 'ನಮ್ಮವರೇ ಹೀಗೆ ಮಾಡಿದರಲ್ಲ' ಅನ್ನುವ ನೋವು. ನಮ್ಮ 'ಮುನಿಸು' ಹತ್ತಿರ ಬರುತ್ತದೆ, ಅಲ್ವಾ? ಆ ಪದ ನನ್ನ ಆಯ್ಕೆಯಲ್ಲೇ ಇರಲಿಲ್ಲ. ವಾಪಸ್ ಅನುವಾದದಲ್ಲೂ ಸಿಗಲಿಲ್ಲ, ಯಾಕೆಂದರೆ ಇದ್ದ ಪದಗಳನ್ನಷ್ಟೇ ಅದು ತಾಳೆ ನೋಡುತ್ತದೆ.

ಅದಕ್ಕೇ ಹೇಳುತ್ತೇನೆ, 300 ಸಾಕಾ ಅನ್ನುವುದು ಈಗ ಕೇಳುವ ಪ್ರಶ್ನೆಯೇ ಅಲ್ಲ. ಅನುವಾದ ಪಕ್ಕಕ್ಕಿಡಿ. ಇಪ್ಪತ್ತು ಮೂವತ್ತು ರಷ್ಯನ್ನರ ಜೊತೆ ಕೂತು, ಅವರಿಗೆ ನಿಜವಾಗಿ ನಡೆದದ್ದನ್ನು ಕೇಳಿ. ಸನ್ನಿವೇಶವೂ ಆಯ್ಕೆಯ ಪದಗಳೂ ಅವರ ಬಾಯಿಂದಲೇ ಬರಲಿ. ಕೀಯನ್ನು ಅಲ್ಲಿನ ತಜ್ಞರಿಂದ ಹೊಸದಾಗಿ ಮಾಡಿಸಿ. ರಷ್ಯನ್ ಮನೋವಿಜ್ಞಾನಿ ದ್ಮಿತ್ರಿ ಲ್ಯೂಸಿನ್ ಅವರ 46 ವಾಕ್ಯಗಳ ಪ್ರಶ್ನಾವಳಿ 'ಎಮ್‌ಇನ್' ರಷ್ಯನ್‌ನಲ್ಲೇ ಹುಟ್ಟಿದ್ದು. ಅದರಲ್ಲಿ ಜನ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಾರೆ. ಜೊತೆಗೆ ಕೊಡಿ, ಆದರೆ ನಿಮ್ಮ ಟೆಸ್ಟ್ ಅದಕ್ಕೆ ಪೂರ್ತಿ ಹೊಂದಲಿ ಎಂದು ಕಾಯಬೇಡಿ. ತನಗೆ ಬರುತ್ತದೆ ಅನ್ನುವುದೇ ಬೇರೆ, ಮಾಡಿ ತೋರಿಸುವುದೇ ಬೇರೆ.

ಮೊದಲ ಸುತ್ತು ಕಾಗದದಲ್ಲೇ ಮಾಡಿ. ಅಂಚು ಅಗಲವಾಗಿ ಬಿಡಿ, ಪೆನ್ಸಿಲ್ ಕೊಡಿ. ಬರೆದದ್ದನ್ನೆಲ್ಲ ಆವತ್ತು ರಾತ್ರಿಯೇ ಓದಿ.