ಮಾನನಷ್ಟ ಕೇಸಿನಲ್ಲಿ ಪಾಟೀ ಸವಾಲು ಮುಗಿದ ಮೇಲೆ ಫಿರ್ಯಾದಿಯನ್ನು ಮತ್ತೆ ಕಟಕಟೆಗೆ ಕರೆಸಬಹುದೇ?

ನೀವು ಬರೆದಿರುವುದರಿಂದ ನನಗೆ ಅರ್ಥವಾದದ್ದು ಇಷ್ಟು. ಗೃಹ ನಿರ್ಮಾಣ ಸಹಕಾರ ಸಂಘದ ಲೆಕ್ಕದ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದಿದ್ದಕ್ಕೆ ಸಂಘದ ಪದಾಧಿಕಾರಿಯೊಬ್ಬರು 2022ರಲ್ಲಿ ನಿಮ್ಮ ಮೇಲೆ ಖಾಸಗಿ ದೂರು ಹಾಕಿದ್ದಾರೆ. ಅವರ ಪಾಟೀ ಸವಾಲು ಮುಗಿದಿದೆ, 313ರ ಹೇಳಿಕೆಯೂ (ಸಾಕ್ಷ್ಯದ ಬಗ್ಗೆ ಆರೋಪಿಯನ್ನೇ ಕೇಳಿ ನ್ಯಾಯಾಲಯ ದಾಖಲಿಸುವ ಹೇಳಿಕೆ) ಆಗಿದೆ, ಕೇಸು ವಾದಕ್ಕೆ ನಿಂತಿದೆ. ವಕೀಲರು ಬದಲಾಗಿದ್ದಾರೆ, ಸಂಘದ ಲೆಕ್ಕಪರಿಶೋಧನಾ ವರದಿ ಈಗ ಕೈಗೆ ಬಂದಿದೆ.

ಕರೆಸಬಹುದು. ತೀರ್ಪು ಹೇಳುವ ತನಕ ಯಾವ ಹಂತದಲ್ಲಾದರೂ ಸಾಕ್ಷಿಯನ್ನು ಮರಳಿ ಕರೆಯುವ ಅಧಿಕಾರ ನ್ಯಾಯಾಲಯಕ್ಕಿದೆ. ನಿಮ್ಮ ಕೇಸು 2024ರ ಜುಲೈ 1ಕ್ಕೆ ಮೊದಲೇ ನಡೆಯುತ್ತಿದ್ದರಿಂದ ಅರ್ಜಿ ಹಾಕಬೇಕಾದದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 311ನೇ ಕಲಮಿನಡಿ. ಆಮೇಲೆ ದಾಖಲಾದ ದೂರಾದರೆ ಅದರ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 348. ಎರಡರ ಒಕ್ಕಣೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕಲಮಿನ ಮೊದಲ ಭಾಗ ‘ಕರೆಯಬಹುದು’ ಎನ್ನುತ್ತದೆ. ನ್ಯಾಯಯುತ ತೀರ್ಮಾನಕ್ಕೆ ಆ ಸಾಕ್ಷ್ಯ ಅತ್ಯಗತ್ಯವೆಂದು ಕಂಡರೆ ‘ಕರೆಯಲೇಬೇಕು’ ಎನ್ನುತ್ತದೆ ಎರಡನೆಯದು. ನಿಮ್ಮ ಅರ್ಜಿ ನಿಲ್ಲಬೇಕಾದದ್ದು ಈ ಎರಡನೆಯ ಭಾಗದ ಮೇಲೆ.

ಹೆಚ್ಚಿನ ಅರ್ಜಿಗಳು ಬೀಳುವುದು ಒಂದೇ ವಾಕ್ಯದಿಂದ: ‘ಹಿಂದಿನ ವಕೀಲರು ಮುಖ್ಯ ಪ್ರಶ್ನೆಗಳನ್ನು ಕೇಳಿರಲಿಲ್ಲ.’ ವಕೀಲರು ಬದಲಾದರು ಅನ್ನುವುದೊಂದೇ ಮರುಕರೆಗೆ ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2015ರ ಶಿವಕುಮಾರ್ ಯಾದವ್ ಪ್ರಕರಣದಲ್ಲಿ ಹೇಳಿದೆ, ಎದುರು ಪಕ್ಷದವರು ಮೊದಲು ತೋರಿಸುವುದೂ ಅದನ್ನೇ. ಹಾಗಾಗಿ ಆ ವಾಕ್ಯಕ್ಕೆ ನಿಮ್ಮ ಅರ್ಜಿಯಲ್ಲಿ ಜಾಗವೇ ಬೇಡ. ಕಾರಣ ದಾಖಲೆಯಿಂದ ಹುಟ್ಟಬೇಕು.

ಮೊದಲು ಫಿರ್ಯಾದಿಯ, ಅಂದರೆ ಪಿ.ಸಾ.1ರ (ಫಿರ್ಯಾದಿ ಪರದ ಮೊದಲ ಸಾಕ್ಷಿಯ), ಪೂರ್ತಿ ಸಾಕ್ಷ್ಯದ ದೃಢೀಕೃತ ನಕಲು ತೆಗೆಸಿ. ದೂರು ದಾಖಲಾದಾಗ ಅವರು ಕೊಟ್ಟ ಪ್ರಮಾಣ ಹೇಳಿಕೆಯ ನಕಲೂ ಬೇಕು. ವೈರುಧ್ಯಗಳು ಹೆಚ್ಚಾಗಿ ಸಿಗುವುದು ಅಲ್ಲೇ. ಆಮೇಲೆ ಅರ್ಜಿಯ ಜೀವಾಳದ ಕಂಡಿಕೆಯನ್ನು ಹೀಗೆ ಬರೆಯಿರಿ: ‘ಪಿ.ಸಾ.1 ತಮ್ಮ ಪಾಟೀ ಸವಾಲಿನ ಇಂಥ ಪುಟದಲ್ಲಿ ಸಂಘದ ಲೆಕ್ಕದಲ್ಲಿ ಯಾವ ನ್ಯೂನತೆಯೂ ಇಲ್ಲವೆಂದು ನುಡಿದಿದ್ದಾರೆ. ಲೆಕ್ಕಪರಿಶೋಧನಾ ವರದಿಯ ಇಂಥ ಕಂಡಿಕೆ ಇದಕ್ಕೆ ನೇರ ವಿರುದ್ಧವಾಗಿದೆ. ವರದಿಯ ದೃಢೀಕೃತ ನಕಲಿಗೆ ಆರೋಪಿ ಇಂಥ ದಿನ ಅರ್ಜಿ ಕೊಟ್ಟಿದ್ದು, ಇಂಥ ದಿನ ದೊರೆತಿದೆ.’ ಪುಟ, ಕಂಡಿಕೆ, ಎರಡು ದಿನಾಂಕ. ಈ ನಾಲ್ಕು ಇದ್ದರೆ ಅರ್ಜಿಗೆ ಬೆನ್ನೆಲುಬು ಇರುತ್ತದೆ. ಪ್ರಶ್ನೆಗಳನ್ನು ಪದಶಃ ಬರೆದುಕೊಡಬೇಡಿ, ಫಿರ್ಯಾದಿ ಉತ್ತರ ಸಿದ್ಧಮಾಡಿಕೊಂಡು ಬರುತ್ತಾರೆ. ವಿಷಯ, ದಾಖಲೆ ಎರಡನ್ನು ಹೇಳಿದರೆ ಸಾಕು. ಜೊತೆಗೆ ಪ್ರಮಾಣಪತ್ರ, ದಾಖಲೆಗಳ ಪಟ್ಟಿ, ಎದುರು ವಕೀಲರಿಗೆ ಪ್ರತಿ.

ವರದಿಯ ದಿನಾಂಕವನ್ನು ಪೋಸ್ಟಿನ ದಿನಾಂಕದೊಂದಿಗೆ ಇಟ್ಟು ನೋಡಿದಿರಾ? ಮಾನನಷ್ಟದ ಬಗ್ಗೆ ಹೇಳುವ ಭಾರತೀಯ ದಂಡ ಸಂಹಿತೆಯ 499ನೇ ಕಲಮಿನ ಮೊದಲ ವಿನಾಯಿತಿ ಸತ್ಯಕ್ಕೆ ಮತ್ತು ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ್ದು; ವರದಿ ಆಮೇಲೆ ಬಂದಿದ್ದರೂ ಅದಕ್ಕೆ ಆಧಾರವಾಗುತ್ತದೆ. ಒಂಬತ್ತನೆಯದು ಸದ್ಭಾವನೆಯದ್ದು, ಅಲ್ಲಿ ಲೆಕ್ಕಕ್ಕೆ ಬರುವುದು ಬರೆಯುವ ಹೊತ್ತಿಗೆ ನಿಮಗೆ ಏನು ಗೊತ್ತಿತ್ತು ಅನ್ನುವುದು. ಪೋಸ್ಟಿನ ನಂತರದ ವರದಿಯನ್ನು ಹಿಡಿದು ಸದ್ಭಾವನೆ ಎಂದು ಬರೆದರೆ ಅರ್ಜಿ ಅಲ್ಲೇ ಸಡಿಲವಾಗುತ್ತದೆ.

ಇನ್ನು ನಾನು ಒತ್ತಿ ಹೇಳಬೇಕಾದ ಮಾತು. ಮರುಕರೆ ಎರಡು ಅಲಗಿನ ಕತ್ತಿ. ನಿಮ್ಮ ಹೆಚ್ಚುವರಿ ಪಾಟೀ ಸವಾಲು ಮುಗಿದ ಮೇಲೆ ಫಿರ್ಯಾದಿಯ ವಕೀಲರಿಗೆ ಮರುವಿಚಾರಣೆಗೆ, ಅಂದರೆ ತಮ್ಮ ಸಾಕ್ಷಿಯನ್ನು ಮತ್ತೆ ಪ್ರಶ್ನಿಸುವುದಕ್ಕೆ, ದಾರಿಯಾಗುತ್ತದೆ. ಪೋಸ್ಟ್ ಓದಿ ಫಿರ್ಯಾದಿಯ ಮೇಲಿನ ಗೌರವ ಕುಗ್ಗಿತು ಎಂದು ಹೇಳುವ ಮೂರನೆಯ ವ್ಯಕ್ತಿಯನ್ನು ಅವರು ಸಾಕ್ಷಿಯಾಗಿ ಕರೆಸಿಲ್ಲವೇ? ಸ್ಕ್ರೀನ್‌ಶಾಟ್ ಮುದ್ರಿಸಿ ನಿ.ಪಿ.2 (ಫಿರ್ಯಾದಿ ಪರದ ಎರಡನೇ ದಾಖಲೆ) ಎಂದು ಗುರುತಿಸಿದ್ದಾರೆ, ವಿದ್ಯುನ್ಮಾನ ದಾಖಲೆಗೆ ಸಾಕ್ಷ್ಯ ಕಾಯ್ದೆ ಕೇಳುವ 65ಬಿ ಪ್ರಮಾಣಪತ್ರ ಮಾತ್ರ ಇಲ್ಲವೇ? ಹಾಗಿದ್ದರೆ ಆ ವಿಷಯ ಎತ್ತಲೇಬೇಡಿ, ವಾದಕ್ಕೆ ಉಳಿಸಿಕೊಳ್ಳಿ. ಕಟಕಟೆಯಲ್ಲಿ ಕೇಳಿದರೆ ನೀವೇ ನೆನಪಿಸಿಕೊಟ್ಟ ಹಾಗೆ, ಮರುದಿನವೇ ಅವರದ್ದೂ ಒಂದು 311ರ ಅರ್ಜಿ ಬರುತ್ತದೆ. 2008ರ ಬೆಂಗಳೂರು ಸರಣಿ ಸ್ಫೋಟದ ಕೇಸಿನಲ್ಲಿ 65ಬಿ ಪ್ರಮಾಣಪತ್ರವನ್ನು ತಡವಾಗಿ ಹಾಜರುಪಡಿಸಲು ಸುಪ್ರೀಂ ಕೋರ್ಟ್ 2023ರಲ್ಲಿ ಇದೇ ಕಲಮಿನಡಿ ಅವಕಾಶ ಕೊಟ್ಟಿದೆ. ಅಂದರೆ ಆ ಲೋಪವನ್ನು ಅವರು ಸರಿಪಡಿಸಿಕೊಳ್ಳಲು ಇನ್ನೂ ಸಾಧ್ಯವಿದೆ.

ಅರ್ಜಿ ಮಂಜೂರಾದರೆ ಸಾಮಾನ್ಯವಾಗಿ ವೆಚ್ಚ ವಿಧಿಸಿ, ಒಂದೇ ದಿನ ಗೊತ್ತುಮಾಡುತ್ತಾರೆ. ವೆಚ್ಚದ ಹಣ ಅದಕ್ಕೂ ಮೊದಲೇ ಕಟ್ಟಿರಲಿ. ಆ ದಿನ ನಿಮ್ಮ ವಕೀಲರು ಮುಂದೂಡಿಕೆ ಕೇಳಿದರೆ ಆರ್ಡರ್ ಶೀಟಿನಲ್ಲಿ ‘ಹೆಚ್ಚಿನ ಪಾಟೀ ಸವಾಲು ಇಲ್ಲ’ ಎಂದು ಬೀಳುತ್ತದೆ, ಇನ್ನೊಮ್ಮೆ ಅವಕಾಶ ಸಿಗುವುದು ಬಹಳ ಕಷ್ಟ. ದಾಖಲೆಯನ್ನು ಸಾಕ್ಷಿಯ ಕೈಗೇ ಕೊಟ್ಟು, ವಿರುದ್ಧವಾಗಿರುವ ಸಾಲನ್ನು ತೋರಿಸಿ ಕೇಳಬೇಕು. ಸುಮ್ಮನೆ ವರದಿ ಇದೆಯಲ್ಲ ಅಂದರೆ ವೈರುಧ್ಯ ಸಾಬೀತಾಗದು. ಪ್ರಶ್ನೆ ಚಿಕ್ಕದಿರಲಿ. ‘ನಿಮ್ಮ ಅವಧಿಯ ವರದಿಯಲ್ಲಿ ಈ ಮೊತ್ತಕ್ಕೆ ವೋಚರ್ ಇಲ್ಲವೆಂದು ಬರೆದಿದೆ’ ಎಂದು ಕೇಳಿದರೆ ಅದು ‘ಎಂದರೆ ಸರಿ’ ಅಥವಾ ‘ಎಂದರೆ ಸರಿಯಲ್ಲ’ ಎಂದು ದಾಖಲಾಗುತ್ತದೆ. ಒಂದೇ ಪ್ರಶ್ನೆಯಲ್ಲಿ ಮೂರು ಸಂಗತಿ ತುರುಕಿದರೆ ‘ಸರಿಯಲ್ಲ’ ಅನ್ನುವ ಒಂದೇ ಉತ್ತರ ಮೂರನ್ನೂ ನುಂಗುತ್ತದೆ.

ಫಿರ್ಯಾದಿ ‘ಈ ವರದಿಯೇ ನನಗೆ ಗೊತ್ತಿಲ್ಲ’ ಎಂದುಬಿಟ್ಟರೆ? ಅದಕ್ಕೆ ಅದೇ ಅರ್ಜಿಯಲ್ಲಿ ಎರಡನೆಯ ಕೋರಿಕೆ ಸೇರಿಸಿ: ವರದಿಯ ಮೂಲ ಇರುವ ಕಚೇರಿಯ ಅಧಿಕಾರಿಯನ್ನು ದಾಖಲೆ ಸಮೇತ ಸಾಕ್ಷಿಯಾಗಿ ಕರೆಸಬೇಕೆಂದು. 311ರಲ್ಲಿ ಹೊಸ ಸಾಕ್ಷಿಗೂ ಅವಕಾಶವಿದೆ. ಅವರ ಸಮನ್ಸು, ಬತ್ತೆ ನಿಮ್ಮ ಖರ್ಚು.

ಅರ್ಜಿ ವಜಾ ಆದರೆ ಸೆಷನ್ಸ್ ಕೋರ್ಟಿಗೆ ರಿವಿಷನ್ (ಕೆಳಗಿನ ಕೋರ್ಟಿನ ಆದೇಶವನ್ನು ಪುನರ್‌ಪರಿಶೀಲಿಸಲು ಕೋರುವ ಅರ್ಜಿ) ಹಾಕಿ ತಿಂಗಳು ಕಳೆಯಬೇಡಿ. 311ರ ಆದೇಶ ಮಧ್ಯಂತರ ಸ್ವರೂಪದ್ದು, ಅದರ ಮೇಲೆ ರಿವಿಷನ್ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಸೇತುರಾಮನ್ ಪ್ರಕರಣದಲ್ಲಿ ಹೇಳಿದೆ. ಹೋಗಬೇಕಾದದ್ದು ಹೈಕೋರ್ಟಿಗೆ, ದಂಡ ಪ್ರಕ್ರಿಯಾ ಸಂಹಿತೆಯ 482ರ ಅಡಿ, ಈಗ ಸುರಕ್ಷಾ ಸಂಹಿತೆಯ 528. ನಿಮ್ಮ ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಕೆಳಗಿನ ವಿಚಾರಣೆ ನಿಲ್ಲುವುದಿಲ್ಲ, ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಿ. ವಜಾ ಆದ ದಿನವೇ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟು, ವಾದಕ್ಕೆ ಸ್ವಲ್ಪ ದೂರದ ದಿನಾಂಕ ಕೋರಿ ಮೆಮೊ ಹಾಕಿ.