ಎದೆನೋವು ಬಂದ್ರೆ ಪಕ್ಕದ್ಮನೆ ಬೊಲೆರೋನಾ, 108ಕ್ಕೆ ಫೋನಾ?

ಪ್ರಶ್ನೆ: ಡಾಕ್ಟ್ರೇ, ಹೋದ ತಿಂಗ್ಳು ರಾತ್ರಿ ಎರಡು ಗಂಟೆಗೆ ನಮ್ಮ ಮಾವನವ್ರಿಗೆ ಎದೆನೋವು ಬಂತು, ಮೈಯೆಲ್ಲ ಬೆವರು. ನಾನು 108ಕ್ಕೆ ಫೋನ್ ಮಾಡೋಣ ಅಂದೆ, ಯಜಮಾನ್ರು ಅದು ಬರೋ ಹೊತ್ತಿಗೆ ನಾವೇ ಹೋಗಿರ್ತೀವಿ ಅಂದ್ರು. ಪಕ್ಕದ್ಮನೆಯವ್ರನ್ನ ಎಬ್ಬಿಸಿ, ಡ್ರೈವರ್ ಬರೋವರ್ಗೂ ಕಾದು, ಬೊಲೆರೋದಲ್ಲಿ ಸೀದಾ ತುಮಕೂರಿಗೆ ಹೋದ್ವಿ. ಮಾವ ಉಳ್ಕೊಂಡ್ರು, ಆದ್ರೆ ಹಾರ್ಟ್ ವೀಕ್ ಆಗಿದೆಯಂತೆ. ನಾವು ತಪ್ಪು ಮಾಡಿದ್ವಾ?
— ಓದುಗಿ, ಪಾವಗಡ ತಾಲ್ಲೂಕು

ಉತ್ತರ: ಆ ಹೊತ್ತಲ್ಲಿ ಕೈಗೆ ಸಿಕ್ಕಿದ ಗಾಡಿ ಹತ್ತಿಸಿದ್ದೀರಮ್ಮ, ಅದಕ್ಕೆ ಕೊರಗ್ಬೇಡಿ. ಆದ್ರೆ ನಿಮ್ಮ ಯಜಮಾನ್ರು ಆಂಬುಲೆನ್ಸ್ ಬರೋ ಟೈಮ್ ಲೆಕ್ಕ ಹಾಕಿದ್ರು, ಬೊಲೆರೋ ಡ್ರೈವರ್‌ಗೆ ಕಾದ ಟೈಮ್ ಹಾಕ್ಲಿಲ್ಲ. ನಾನು ತಾಲ್ಲೂಕು ಆಸ್ಪತ್ರೆ ಕ್ಯಾಶುಯಲ್ಟೀಲಿ ಇದನ್ನ ಎಷ್ಟೋ ಸಲ ನೋಡಿದೀನಿ, ಒಬ್ಬರು ಗೊಬ್ಬರದ ಚೀಲದ ಮೇಲೆ ಕೂತ್ಕೊಂಡು ಟಾಟಾ ಏಸ್‌ನಲ್ಲಿ ಬಂದ್ರು, ಹೆಂಡ್ತಿ ಸೆರಗಲ್ಲಿ ಬೆವರು ಒರೆಸ್ತಾ ಇದ್ರೆ ಇವ್ರು ತಾವೇ ಕೆಳಗಿಳಿದು ನಡ್ಕೊಂಡು ಒಳಗೆ ಬಂದ್ಬಿಟ್ರು, ಇಸಿಜಿ ನೋಡಿದ್ರೆ ದೊಡ್ಡ ಹಾರ್ಟ್ ಅಟ್ಯಾಕ್! ಅಂಥ ಹೊತ್ತಲ್ಲಿ ನಾಲ್ಕು ಹೆಜ್ಜೆ ನಡೆಯೋದೂ ಹೃದಯಕ್ಕೆ ಭಾರ.

2008ರ ನವೆಂಬರ್ 1ಕ್ಕೆ ನಮ್ಮಲ್ಲಿ 108 ಶುರುವಾಯ್ತು, ಇಷ್ಟು ವರ್ಷ ಆದ್ರೂ ಜನ ಕರೆಯೋಕೆ ಹಿಂಜರಿತಾರೆ, ಅದಕ್ಕೆ ಬರೀ ತಿಳುವಳಿಕೆ ಇಲ್ಲ ಅಂತ ಬೈದ್ರೆ ಅನ್ಯಾಯ. ದುಡ್ಡು ಕೇಳ್ತಾರೇನೋ ಅನ್ನೋ ಭಯ (ಪೂರ್ತಿ ಫ್ರೀ ಅದು), ಸರ್ಕಾರಿ ಆಸ್ಪತ್ರೆಗೆ ಹಾಕ್ಬಿಡ್ತಾರೆ ಅನ್ನೋ ಅನುಮಾನ, ರಾತ್ರಿ ಸೈರನ್ ಕೇಳಿದ್ರೆ ಊರೆಲ್ಲ ಎದ್ದು ಬರುತ್ತೆ ಅನ್ನೋ ಮುಜುಗರ, ಎಷ್ಟೋ ಮನೇಲಿ ಗಂಡಸರು ಹೂಂ ಅನ್ನೋವರ್ಗೂ ಸೊಸೆ ಫೋನ್ ಎತ್ತೋ ಹಾಗಿಲ್ಲ. ಗಾಡಿ ಲೇಟಾಗೋದೂ ಸುಳ್ಳಲ್ಲ. ಒಂದು ಗಾಡಿ ಬೇರೆ ಕೇಸಿಗೆ ಹೋಗಿದ್ರೆ ಇನ್ನೊಂದು ದೂರದಿಂದ ಬರ್ಬೇಕು, ಅಷ್ಟರಲ್ಲಿ ನೀವು ಮಾರಮ್ಮನ ಗುಡಿ ಹತ್ರ ಬನ್ನಿ ಅಂತೀರಿ, ಆ ಸುತ್ತಲಲ್ಲಿ ಮೂರು ಮಾರಮ್ಮನ ಗುಡಿ ಇರ್ತವೆ, ಪೈಲಟ್ (ಆಂಬುಲೆನ್ಸ್ ಡ್ರೈವರ್) ಪಾಪ ಕತ್ತಲಲ್ಲಿ ತಿರುಗ್ತಾ ಇರ್ತಾನೆ.

ಆದ್ರೂ ಆ ಗಾಡೀಲಿ ಆಕ್ಸಿಜನ್ ಇರುತ್ತೆ, ಮಲಗಿಸೋಕೆ ಸ್ಟ್ರೆಚರ್ ಇರುತ್ತೆ, ಉಸಿರು ನಿಂತ್ರೆ ಎದೆ ಒತ್ತೋಕೆ ಟ್ರೈನಿಂಗ್ ಆಗಿರೋ ಇಎಂಟಿ (ತುರ್ತು ಚಿಕಿತ್ಸೆ ಸಿಬ್ಬಂದಿ) ಇರ್ತಾರೆ. ಬೊಲೆರೋದಲ್ಲಿ ಹಾಗೇನಾದ್ರೂ ಆಗಿದ್ರೆ ಯಾರು ನೋಡ್ತಿದ್ರು ಹೇಳಿ.

ನನಗೆ ಜಾಸ್ತಿ ಸಂಕಟ ಆಗಿದ್ದು ನೀವು ಸೀದಾ ತುಮಕೂರಿಗೆ ಹೋದದ್ದು, ಹತ್ರತ್ರ ನೂರು ಕಿಲೋಮೀಟರ್! ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೇಲಿ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆ ಡಾಕ್ಟ್ರಿಗೆ ಕಳಿಸಿ ಕೇಳಿ, ಹೆಪ್ಪುಗಟ್ಟಿದ ರಕ್ತ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಫ್ರೀಯಾಗಿ ಕೊಡ್ತಾರೆ, ಅದು ಬೇಗ ಬಿದ್ದಷ್ಟೂ ಹೃದಯದ ಸ್ನಾಯು ಉಳಿಯುತ್ತೆ. ನಿಮ್ಮ ತಾಲ್ಲೂಕು ಆಸ್ಪತ್ರೇಲಿ ಅದು ಇದೆಯಾ ಅಂತ ಈ ವಾರವೇ ಹೋಗಿ ಕೇಳ್ಕೊಂಡು ಬನ್ನಿ.

ಇನ್ನೊಂದ್ಸಲ ಹೀಗಾದ್ರೆ ಯಾರ ಒಪ್ಪಿಗೇನೂ ಕಾಯದೆ ಮೊದ್ಲು 108 ಒತ್ತಿ (112 ಆದ್ರೂ ಆಗುತ್ತೆ), ಗಾಡಿ ಎಲ್ಲಿದೆ ಕೇಳಿ. ತುಂಬಾ ದೂರ ಇದ್ರೆ ನೀವು ಈ ಕಡೆಯಿಂದ ಹೊರಟು ದಾರೀಲಿ ಸಿಕ್ತೀವಿ ಅಂತ ಅವ್ರ ಹತ್ರಾನೇ ಮಾತಾಡಿ ಗೊತ್ತು ಮಾಡ್ಕೊಳ್ಳಿ. ಮನೆಯಲ್ಲೇ ಕಾಯೋದಾದ್ರೆ ಟಾರ್ಚ್ ಕೊಟ್ಟು ಒಬ್ಬ ಹುಡುಗನ್ನ ಮೇನ್ ರೋಡಿಗೆ ಕಳಿಸಿ. ಮಾವನವ್ರ ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ, ಡಿಸ್ಚಾರ್ಜ್ ಚೀಟಿ ಫೋಟೋ ತೆಗೆದು ಎಲ್ಲರ ಫೋನಲ್ಲೂ ಇಟ್ಕೊಳ್ಳಿ, ನಿಮ್ಮ ಫೋನಲ್ಲಂತೂ ಇರ್ಲೇಬೇಕು.