ಹುಬ್ಬಳ್ಳಿಗೆ ಬೈಕ್‌ನಲ್ಲಿ ಹೋಗುವುದಾದರೆ ಮೊದಲು ಹೊರಡುವ ಹೊತ್ತು ಬದಲಾಯಿಸಿ

ನೀವು ಕೇಳಿರುವುದು ಇದು: ಪಂಚಮಿ ಹಬ್ಬಕ್ಕೆ ಹೆಂಡತಿಯನ್ನು ಹುಬ್ಬಳ್ಳಿಯ ತವರಿಗೆ ಕರೆದುಕೊಂಡು ಹೋಗಬೇಕು. 150 ಸಿಸಿ ಬೈಕ್ ಇದೆ, ಹೈವೇಯಲ್ಲಿ ಓಡಿಸುವುದು ನನಗೆ ಹೊಸದು. ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಬೆಂಗಳೂರು ಬಿಡುವ ಯೋಚನೆ. ಏನೇನು ಎಚ್ಚರ ಬೇಕು?

ರಾತ್ರಿ ಹೊರಡಬೇಡಿ. ಉಳಿದದ್ದನ್ನು ಓದದಿದ್ದರೂ ಪರವಾಗಿಲ್ಲ, ಇದೊಂದನ್ನು ಕೇಳಿ.

ನಾನು ದಾವಣಗೆರೆಯವನು, ಕೆಲಸ ಬೆಂಗಳೂರಿನಲ್ಲಿ. ವರ್ಷಗಳಿಂದ ಈ ರಸ್ತೆಯಲ್ಲಿ ಬೈಕ್‌ನಲ್ಲೇ ಓಡಾಡುತ್ತೇನೆ. ರಾತ್ರಿ ಟ್ರಾಫಿಕ್ ಕಡಿಮೆ, ಬೇಗ ತಲುಪಬಹುದು ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಪುಣೆ, ಮುಂಬೈ ಕಡೆಗೆ ಹೋಗುವ ಲಾರಿಗಳು ಹಿಡಿಯುವುದು ಇದೇ ಎನ್‌ಎಚ್ 48. ಕೆಟ್ಟು ನಿಂತ ಲಾರಿಯ ಹಿಂದೆ ಎಷ್ಟೋ ಸಲ ದೀಪವೇ ಇರುವುದಿಲ್ಲ. ನಾಲ್ಕು ಕಲ್ಲು ಜೋಡಿಸಿ, ಒಂದು ಸೊಪ್ಪಿನ ಕೊಂಬೆ ಇಟ್ಟಿರುತ್ತಾರೆ, ಅಷ್ಟೇ. ರಿಪೇರಿ ಆದ ಮೇಲೆ ಲಾರಿ ಹೊರಟುಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಪ್ರತಿ ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತೀರಿ. ಕಲ್ಲು ಕಂಡು, ಅದು ಕಲ್ಲು ಅಂತ ತಿಳಿದು, ಕೈ ಬ್ರೇಕ್ ಹಿಡಿಯುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಇನ್ನು ನಿದ್ದೆ. ದಿನವೆಲ್ಲ ದುಡಿದ ಮೈ ಬೆಳಗಿನ ಜಾವ ಮೂರು ಗಂಟೆಗೆ ನಿಮ್ಮ ಮಾತು ಕೇಳುವುದಿಲ್ಲ. ನಿಮ್ಮ ಹಿಂದೆ ಬರುವ ಡ್ರೈವರ್‌ನ ಕಥೆಯೂ ಅದೇ.

ಶುಕ್ರವಾರ ಚೆನ್ನಾಗಿ ಮಲಗಿ, ಶನಿವಾರ ಬೆಳಕು ಹರಿಯುವಾಗ ಹೊರಡಿ. ಸುಮಾರು 410 ಕಿ.ಮೀ. ದಾರಿ. ಚತುಷ್ಪಥದಲ್ಲಿ ಬೈಕಿಗೆ 80ರವರೆಗೆ ಅವಕಾಶವಿದೆ, ಆದರೆ ಇಬ್ಬರು ಕೂತ 150 ಸಿಸಿ ಗಾಡಿಗೆ 65-70 ಸಾಕು. ಗಂಟೆಗೊಮ್ಮೆ ಇಳಿದು ಕಾಲಾಡಿಸಿ, ನೀರು ಕುಡಿದು ಹೋದರೂ ಸಂಜೆಯೊಳಗೆ ಆರಾಮಾಗಿ ಹುಬ್ಬಳ್ಳಿ ಸೇರುತ್ತೀರಿ.

'ಬೈಕ್‌ನವರು ರಸ್ತೆ ಅಂಚಿನಲ್ಲೇ ಹೋಗಬೇಕು' ಅಂತ ಹೇಳುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಅಂಚಿನಲ್ಲಿ ಮರಳು ಇರುತ್ತದೆ, ನಿಂತ ಲಾರಿ ಇರುತ್ತದೆ. ಯೂ ಟರ್ನ್ ದೂರ ಅಂತ ರಾಂಗ್ ಸೈಡಿನಲ್ಲಿ ಬರುವ ಊರಿನ ಬೈಕು, ಟ್ರ್ಯಾಕ್ಟರ್ ಬರುವುದೂ ಅಲ್ಲೇ. ಎಡಗಡೆಯ ಲೇನ್‌ನಲ್ಲೇ ಇರಿ, ಆದರೆ ಅಂಚಿನ ಬಿಳಿ ಗೆರೆಯಿಂದ ಒಂದು ಮಾರು ಒಳಗೆ. ಆಗ ಹಿಂದಿನವರಿಗೂ ಕಾಣುತ್ತೀರಿ, ಎದುರಿಗೆ ಏನಾದರೂ ಬಂದರೆ ಸರಿಯಲು ಎರಡೂ ಕಡೆ ಜಾಗ ಇರುತ್ತದೆ. ಶಿರಾ, ಹಿರಿಯೂರು ಆಸುಪಾಸಿನಲ್ಲಿ ಕುರಿ ಮಂದೆ ಅಡ್ಡ ಬಂದರೆ ಪೂರ್ತಿ ನಿಲ್ಲಿಸಿ. ಮುಂದಿನ ಕುರಿ ದಾಟಿತು ಅಂದರೆ ಉಳಿದವೂ ಅದರ ಹಿಂದೆಯೇ ನುಗ್ಗುತ್ತವೆ, ಹಾರ್ನ್ ಮಾಡಿದರೆ ಚೆದುರುತ್ತವೆ.

ಲಾರಿ ದಾಟುವುದನ್ನು ಮಾತ್ರ ದಯವಿಟ್ಟು ಸರಿಯಾಗಿ ಕಲಿಯಿರಿ. ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ, ನೀವೂ ಅವನಿಗೆ ಕಾಣುತ್ತಿಲ್ಲ. ತೀರಾ ಹತ್ತಿರ ಅಂಟಿಕೊಂಡು ಹೋಗಬೇಡಿ. ಲಾರಿಯ ಚಕ್ರಗಳ ಮಧ್ಯೆ ಹಾದುಹೋದ ಗುಂಡಿ ನೇರ ನಿಮ್ಮ ಚಕ್ರಕ್ಕೆ ಸಿಗುತ್ತದೆ. ಹಿಂದೆ ದೂರದಲ್ಲಿರಿ, ಬಲಗಡೆ ಖಾಲಿ ಇದೆಯಾ ತಿರುಗಿ ನೋಡಿ, ಇಂಡಿಕೇಟರ್ ಹಾಕಿ, ಒಂದೇ ಸಲಕ್ಕೆ ದಾಟಿಬಿಡಿ. ಲಾರಿಯ ಪಕ್ಕದಲ್ಲೇ ಅದರ ವೇಗಕ್ಕೆ ಹೋಗುತ್ತಾ ಇರುವುದು ಎಲ್ಲಕ್ಕಿಂತ ಅಪಾಯ. ಕೆಲವು ಲಾರಿಗಳು ಬಲ ಲೇನ್ ಬಿಡುವುದೇ ಇಲ್ಲ. ಹಾಗಂತ ಎಡಗಡೆಯಿಂದ, ಅಂದರೆ ಕ್ಲೀನರ್ ಕಡೆಯಿಂದ ನುಗ್ಗಬೇಡಿ. ಹಾರ್ನ್ ಮಾಡಿ, ಲೈಟ್ ಮಿಣುಕಿಸಿ, ಬಿಡದಿದ್ದರೆ ಕಾಯಿರಿ.

ಚಿತ್ರದುರ್ಗದ ಹತ್ತಿರ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ಕಾಣುತ್ತವೆ. ಅವನ್ನು ಅಲ್ಲಿ ಸುಮ್ನೆ ನಿಲ್ಲಿಸಿಲ್ಲ. ಆಷಾಢ, ಶ್ರಾವಣದಲ್ಲಿ ಅಲ್ಲಿನ ಗಾಳಿ ಬೈಕನ್ನು ತಳ್ಳುತ್ತದೆ. ನೀವು ಹುಬ್ಬಳ್ಳಿ ಕಡೆಗೆ ಹೋಗುವಾಗ ಅದು ಹೆಚ್ಚಾಗಿ ಎಡಗಡೆಯಿಂದ ಬೀಸುತ್ತದೆ. ಲಾರಿಯ ಬಲಕ್ಕೆ ಬಂದಾಗ ಲಾರಿಯೇ ಗಾಳಿಯನ್ನು ತಡೆಯುತ್ತದೆ, ದಾರಿ ಹಗುರ ಅನಿಸುತ್ತದೆ. ಅದರ ಮುಂದೆ ಹೋದ ಕೂಡಲೇ ಗಾಳಿ ಒಮ್ಮೆಲೇ ಬಡಿದು ಡಿವೈಡರ್ ಕಡೆಗೆ ಎಳೆಯುತ್ತದೆ. ಮೊದಲೇ ಗೊತ್ತಿದ್ದರೆ ಹೆದರಿಕೆ ಇಲ್ಲ. ಹ್ಯಾಂಡಲ್ ಬಿಗಿಯಾಗಿ ಹಿಂಡಬೇಡಿ, ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ವೇಗ ಸ್ವಲ್ಪ ಇಳಿಸಿ, ಡಿವೈಡರ್‌ನಿಂದ ದೂರ ಇರಿ.

ರಾಣೆಬೆನ್ನೂರು, ಹಾವೇರಿ ಕಡೆ ಮಳೆ ಸಿಗಬಹುದು. ಮಳೆ ಶುರುವಾದ ಮೊದಲ ಕಾಲು ಗಂಟೆ ರಸ್ತೆ ತುಂಬಾ ಜಾರುತ್ತದೆ, ಧೂಳೂ ಎಣ್ಣೆಯೂ ಕಲಸಿ ಮೇಲೆ ಬಂದಿರುತ್ತದೆ. ಆ ಹೊತ್ತು ಯಾವುದಾದರೂ ಹೋಟೆಲ್ ಮುಂದೆ ನಿಂತು ಚಹಾ ಕುಡಿಯಿರಿ. ಬಿಳಿ ಪಟ್ಟೆಗಳ ಮೇಲೆ, ಟೋಲ್ ಹತ್ತಿರ ಲಾರಿಗಳು ಎಣ್ಣೆ ಸುರಿಸಿದ ಕಡೆ ಬ್ರೇಕ್ ಒತ್ತಬೇಡಿ. ಬೇರೆ ಕಡೆ ಎರಡೂ ಬ್ರೇಕ್ ಒಟ್ಟಿಗೆ, ಮೆಲ್ಲಗೆ ಶುರುಮಾಡಿ ಆಮೇಲೆ ಜೋರಾಗಿ. 2019ರ ಏಪ್ರಿಲ್ ನಂತರ ಬಂದ 150 ಸಿಸಿ ಬೈಕಿನಲ್ಲಿ ಮುಂದಿನ ಚಕ್ರಕ್ಕಾದರೂ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುತ್ತದೆ. ಆದರೆ ಸವೆದ ಟೈರಿಗೆ ಎಬಿಎಸ್ ಏನೂ ಮಾಡಲಾರದು. ಹೊರಡುವ ಮುನ್ನ ಟೈರ್, ಚೈನು, ಬ್ರೇಕ್ ಲೈಟ್ ನೋಡಿ, ಹಿಂದಿನ ಚಕ್ರಕ್ಕೆ ಇಬ್ಬರ ಭಾರಕ್ಕೆ ಬೇಕಾದಷ್ಟು ಗಾಳಿ ಹಾಕಿಸಿ.

ನಿಮ್ಮ ಮನೆಯವರ ಬಗ್ಗೆ ಪ್ರಶ್ನೆಯಲ್ಲಿ ಏನೂ ಬರೆದಿಲ್ಲ. ಅವರಿಗೂ ನಿಮ್ಮದರಷ್ಟೇ ಒಳ್ಳೆಯ ಐಎಸ್‌ಐ ಹೆಲ್ಮೆಟ್ ತೆಗೆದುಕೊಳ್ಳಿ, ಪಟ್ಟಿ ಬಿಗಿಯಾಗಿ ಹಾಕಿಸಿ. ಫೈನ್ ತಪ್ಪಿಸಲು ರಸ್ತೆ ಬದಿಯಲ್ಲಿ ಕೊಳ್ಳುವ ಟೋಪಿ ಬೇಡ. ಸೀರೆ ಬ್ಯಾಗಿನಲ್ಲಿರಲಿ, ಊರು ಸೇರಿದ ಮೇಲೆ ಉಡಲಿ. ಸೆರಗು, ವೇಲ್ ಚಕ್ರಕ್ಕೆ ಸಿಕ್ಕಿ ಬಿದ್ದವರು ತುಂಬಾ ಜನ. ಇಬ್ಬರಿಗೂ ಪ್ಯಾಂಟು, ಶೂ, ದಪ್ಪ ಜಾಕೆಟ್ ಇರಲಿ. ಅವರು 'ಸಾಕಾಯ್ತು' ಅಂದರೆ ಆಗಲೇ ನಿಲ್ಲಿಸಿ.

ಹೈವೇಯಲ್ಲಿ ತೊಂದರೆಯಾದರೆ 1033, ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112. ಮೂರನ್ನೂ ಇಬ್ಬರ ಫೋನಿನಲ್ಲೂ ಹಾಕಿಕೊಳ್ಳಿ.

ಮಾವನವರ ಮನೆಗೆ ಇಷ್ಟು ಗಂಟೆಗೆ ಬರುತ್ತೇವೆ ಅಂತ ಹೇಳಬೇಡಿ. ಊಟಕ್ಕೆ ಕಾಯುತ್ತಾರೆ ಅಂತ ಗೊತ್ತಾದರೆ ಹಾವೇರಿ ದಾಟಿದ ಮೇಲೆ ಕೈ ತಾನಾಗಿ ಆಕ್ಸಿಲರೇಟರ್ ತಿರುಗಿಸುತ್ತದೆ. 'ಶನಿವಾರ ಬರ್ತೀವಿ, ನೀವು ಊಟ ಮಾಡಿ' ಅಂತ ಹೇಳಿಬಿಡಿ. ಮಳೆ ಬಿಡದಿದ್ದರೆ ದಾವಣಗೆರೆಯಲ್ಲಿ ರೂಮ್ ಮಾಡಿ ಉಳಿದು, ಭಾನುವಾರ ಬೆಳಿಗ್ಗೆ ಹೋಗಿ.